ಮುಳ್ಳು ಬಾಗಿದ ಕಡೆ

ಗೌರೀಶ ಚಹದ ಕಪ್ಪಿಗೆ ಕೈಚಾಚಿದಾಗ ಅವನ ವಾಚಿನ ಪಟ್ಟಿಯ ಮೇಲೆ ಏನೋ ಮಿನುಗಿತು. ಸಕ್ಕರೆಯ ಹರಳಿರಬೇಕು ಎಂದುಕೊಂಡಳು ಇಡಾ. ಅವನು ಕೈ ತಿರುಗಿಸಿದ. ವೆಸ್ಟ್‌ಮೀಡ್‌ನ ಅವಳ ಪುಟ್ಟ ಫ್ಲ್ಯಾಟಿನ ಕಿಟಕಿಯಿಂದ ಬಿದ್ದ ಬಿಸಿಲಿಗೆ ಅದು ಬೆಳ್ಳಿಯ ಹಾಗೆ ಹೊಳೆಯಿತು.

ಮೀನಿನ ಹುರುಪೆ.

ಮಂಗಳೂರಿನಲ್ಲಿ ಅಮ್ಮನ ಪಕ್ಕ ಕೂತು ಮೀನು ಸೀಳುತ್ತಲೇ ಬೆಳೆದವಳಿಗೆ ಹುರುಪೆ ಹೊಸದಲ್ಲ. ಅದು ಕೂತ ಜಾಗ ಹೊಸದು. ಗೌರೀಶ ಹುಬ್ಬಳ್ಳಿಯ ಲಿಂಗಾಯತರ ಮನೆಯವನು. ಮೊಟ್ಟೆ ಹಾಕಿದ ಕೇಕನ್ನೂ ಮೂಸಿ ನೋಡಿ ಪಕ್ಕಕ್ಕೆ ಸರಿಸುವವನು. ಪ್ಯಾರಮಟ್ಟಾದ ಮೀನಂಗಡಿಯ ಮುಂದೆ ಹಾಯುವಾಗ ಉಸಿರು ಬಿಗಿಹಿಡಿದು, ಆಮೇಲೆ ಕೆಂಪಗಾದ ಮುಖದಲ್ಲಿ "ದಾಟಿದ್ವೇನು?" ಎಂದು ಕೇಳುವವನು.

"ವಾಚಿನ ಮೇಲೆ ಎಂತ ಅದು?"

ಅವನು ನೋಡಿಕೊಂಡ. ಉಗುರಿನಿಂದ ಕೆರೆದು ಲಗುಬಗೆಯಿಂದ ಪ್ಯಾಂಟಿಗೆ ಒರೆಸಿದ. "ಏನಿಲ್ಲ. ಸೈಟ್‌ನಾಗ ಏನರ ಅಂಟಿರಬೇಕು."

"ಟ್ರಾಮ್ ಹಳಿ ಹಾಕುವ ಸೈಟಿನಲ್ಲಿ ಮೀನು ಹಿಡೀಲಿಕ್ಕೆ ಶುರು ಮಾಡಿದ್ದೀಯಾ?"

"ಮೀನಾ?" ಗೌರೀಶ ನಕ್ಕ. ಆ ನಗು ಕಣ್ಣಿನ ತನಕ ಹೋಗಲಿಲ್ಲ. "ಈ ಶನಿವಾರ ಮೆಲ್ಬರ್ನ್‌ಗೆ ಹೊಂಟೀನಿ, ಇಡಾ. ಆಫೀಸ್ ಕೆಲಸ."

"ಮತ್ತೆಯಾ? ಕಳೆದ ವಾರವೂ ಹೋಗಿದ್ದೆಯಲ್ಲ."

"ಮುಗಿದಿಲ್ಲ."

ಹೊರಡುವಾಗ ಅವನು ಎಂದಿನಂತೆ ಅವಳ ಕೋಟಿನ ಗುಂಡಿಗಳನ್ನು ಹಾಕಿಕೊಟ್ಟ. ಮುಖ ಹತ್ತಿರ ಬಂದಾಗ ಇಡಾ ಸದ್ದಿಲ್ಲದೆ ಉಸಿರೆಳೆದಳು. ಮೇಲೆ ವಿಕ್ಸ್. ಅದರ ಕೆಳಗೆ ಲಿಂಬೆಹುಳಿ. ಅದಕ್ಕೂ ಕೆಳಗೆ, ಅಡಗಿ ಕೂತ ಕಳ್ಳನ ಹಾಗೆ, ಮೀನು.

ಲಿಂಬೆ ಉಜ್ಜಿ ಕೈತೊಳೆಯುವುದು ಮೀನು ತಿನ್ನುವ ಮನೆಯವರ ರೂಢಿ. ಹುಬ್ಬಳ್ಳಿಯ ಗಂಡಸಿಗೆ ಅದು ತಾನಾಗಿ ತಿಳಿಯುವುದಿಲ್ಲ. ಯಾರೋ ಹೇಳಿಕೊಟ್ಟಿದ್ದಾರೆ. ಯಾರೋ ಅಂದರೆ ನಮ್ಮ ಕಡೆಯವಳೇ ಒಬ್ಬಳು ಎಂದು ಇಡಾ ತೀರ್ಮಾನಿಸಿದಳು. ಅವನು ಅವಳ ಮನೆಗೆ ಹೋಗುತ್ತಾನೆ. ಅವಳು ಮೀನು ಹುರಿಯುತ್ತಾಳೆ. ಇವನು ಪಕ್ಕದಲ್ಲಿ ನಿಂತಿರುತ್ತಾನೆ, ಉಸಿರು ಬಿಗಿಹಿಡಿಯದೆ.

ಸ್ಟೇಷನ್ನಿನ ತನಕ ಅವನ ಕಾರಿನಲ್ಲಿ ಹೋಗುವಾಗ ಟಿಶ್ಯೂ ಬೇಕೆಂದು ಡ್ಯಾಶ್‌ಬೋರ್ಡಿನ ಖಾನೆ ತೆರೆದಳು. ಅಗಲ ಮೂತಿಯ ಹೊಸ ಟ್ವೀಜರ್ ಒಂದು ಕೈಗೆ ಸಿಕ್ಕಿತು.

"ಇದು ಯಾರದ್ದು?"

"ನಂದ."

"ಹುಬ್ಬು ತೆಗೀಲಿಕ್ಕೆ ಶುರು ಮಾಡಿದ್ದೀಯಾ ಮಾರಾಯ?"

"ಮೂಗಿನ ಕೂದಲಕ್ಕ," ಎಂದ ಗೌರೀಶ, ರಸ್ತೆಯಿಂದ ಕಣ್ಣು ಕದಲಿಸದೆ. ಅವನ ಕಿವಿ ಮಾತ್ರ ಕೆಂಪಾಯಿತು. ಆ ಕಿವಿಗಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಬೇರೆ ದಿನವಾಗಿದ್ದರೆ ಅವಳು ಅವನ್ನು ಹಿಡಿದೆಳೆದು ಚುಡಾಯಿಸುತ್ತಿದ್ದಳು.

ಇಡಾಗೆ ಒಂದು ವಿಷಯ ಖಚಿತವಾಗಿ ಗೊತ್ತಿತ್ತು: ಗಂಡಸು ಬಿಟ್ಟುಹೋಗುವ ಮೊದಲು ತುಂಬ ಒಳ್ಳೆಯವನಾಗುತ್ತಾನೆ. ಮಾಜಿ ಗಂಡ ಕಮಿಲ್ಲಸ್ ಹಾಗೇ ಆಗಿದ್ದ. ಕಿಮೋಗೆ ಕರೆದೊಯ್ದ, ದಿಂಬು ಸರಿಮಾಡಿದ, ಗಂಜಿ ಮಾಡಲು ಕಲಿತ. ಅವಳ ಚಿಕಿತ್ಸೆ ಮುಗಿದ ವಾರವೇ ಅವನ ಒಳ್ಳೆಯತನವೂ ಮುಗಿಯಿತು. ಪೆಟ್ಟಿಗೆ ಕಟ್ಟಿ, ಬಾಗಿಲು ಕೂಡ ಮೆಲ್ಲನೆ ಎಳೆದುಕೊಂಡು ಹೋದ.

ಔಷಧ ಕ್ಯಾನ್ಸರನ್ನು ಕೊಂದಿತು. ಜೊತೆಗೆ ಅವಳ ಬೆರಳ ತುದಿಗಳನ್ನೂ. ಸದಾ ದಪ್ಪ ಕೈಗವಸು ಹಾಕಿದ ಹಾಗೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕಣ್ಣುಮುಚ್ಚಿ ರಕ್ತನಾಳ ಹುಡುಕುತ್ತಿದ್ದವಳು ಈಗ ಬಾಟಲಿಗಳಿಗೆ ಬಾರ್‌ಕೋಡ್ ಅಂಟಿಸುತ್ತಾಳೆ. ಅದನ್ನಾದರೂ ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಇನ್ನೊಂದು. ಹೋದ ವರ್ಷ ಈಸ್ಟರ್‌ಗೆ ಮೆಲ್ಬರ್ನ್‌ನಲ್ಲಿ ತಮ್ಮ ಇವಾನ್‌ನ ಮನೆಯಲ್ಲಿ ಅವಳೇ ಸಾಲ್ಮನ್ ಸೀಳಿದ್ದಳು. ತುಂಡಿನ ಮೇಲೆ ಬೆರಳಾಡಿಸಿ, "ಒಂದು ಮುಳ್ಳೂ ಇಲ್ಲ, ತಿನ್ನಿ," ಎಂದಿದ್ದಳು. ಮುಳ್ಳು ತಮ್ಮನ ಮಗಳ ಗಂಟಲಿನಲ್ಲಿ ಸಿಕ್ಕಿತು. ಎಮರ್ಜೆನ್ಸಿಯಲ್ಲಿ ತೆಗೆದರು, ಮಗು ಸಂಜೆಗೆ ಐಸ್‌ಕ್ರೀಮ್ ತಿಂದಿತು. ಇಡಾ ಮಾತ್ರ ಅಂದಿನಿಂದ ಮೀನು ಮುಟ್ಟಲಿಲ್ಲ. ಕೇಳಿದವರಿಗೆ "ಡಾಕ್ಟರ್ ಬೇಡ ಹೇಳಿದ್ದಾರೆ" ಅನ್ನುತ್ತಿದ್ದಳು. ಗೌರೀಶನಿಗೂ ಹಾಗೇ ಹೇಳಿದ್ದಳು.

ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿದ್ದ ಗೌರೀಶ, ತನ್ನ ಮನೆಯಿರುವ ಬಡಾವಣೆ ದಿ ಪಾಂಡ್ಸ್‌ನ ಕೆರೆಯ ದಂಡೆಯಲ್ಲಿ ಬಾತುಕೋಳಿಗಳ ಸಾಕ್ಷಿಯಲ್ಲಿ ಕೇಳಿದ್ದ: "ನಮ್ಮ ಮನಿಗೆ ಬಂದುಬಿಡು ಇಡಾ. ನೀ ಹೂಂ ಅಂದ್ರ ಮದುವಿ ರಿಜಿಸ್ಟರ್ ಮಾಡ್ಸೂಣು." ಯೋಚನೆ ಮಾಡ್ತೇನೆ ಎಂದಿದ್ದಳು. ಆ ಯೋಚನೆ ಇನ್ನೂ ನಡೆದಿತ್ತು. ಗುಂಡಿ ಹಾಕಿಕೊಡುವ ಕೈ ಪ್ರೀತಿಯದೋ ಕನಿಕರದ್ದೋ ತಿಳಿಯದೆ ಹೂಂ ಅನ್ನುವುದು ಹೇಗೆ? ಈಗ ನೋಡಿದರೆ, ಅವನೇ ಕಾದು ಸಾಕಾಗಿ ಬೇರೆ ಅಡುಗೆಮನೆ ಹುಡುಕಿಕೊಂಡಂತಿತ್ತು.

ಶನಿವಾರ ಬೆಳಿಗ್ಗೆ ಅವಳು ಇವಾನ್‌ಗೆ ಫೋನ್ ಮಾಡಿದಳು. ಅಕ್ಕತಮ್ಮಂದಿರ ಮಾತು ಕೊಂಕಣಿಯಲ್ಲಿ; ಅಕ್ಕನನ್ನು ಅವನು ಕರೆಯುವುದು ಬಾಯ್ ಎಂದು. ಅದರಲ್ಲಿ ಸುಳ್ಳು ಹೇಳುವುದು ತಮ್ಮನಿಗೆ ಕಷ್ಟವಾಗಬಹುದು ಎಂಬ ಆಸೆ.

"ಗೌರೀಶ ನಿನ್ನಲ್ಲಿಗೆ ಬಂದಿದ್ದಾನಾ?"

"ಇಲ್ಲ ಬಾಯ್. ಇಲ್ಲಿಗೆ ಯಾಕೆ ಬರ್ತಾನೆ?"

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ, ಶುದ್ಧ ಹುಬ್ಬಳ್ಳಿಯದು: "ಯಪ್ಪಾ, ಇನ್ನೂ ಎಷ್ಟ್ ಅದಾವೋ!" ಅದರ ಬೆನ್ನಿಗೇ ಹೆಣ್ಣಿನ ನಗು. ಇವಾನ್ ಫೋನ್ ಕತ್ತರಿಸಿದ.

ಆ ನಗು ಇಡಾಗೆ ಪರಿಚಯದ್ದು. ಕೃಪಾ. ತಮ್ಮನ ಹೆಂಡತಿ ಆನ್ ಮರಿಯಾಳ ಚಿಕ್ಕಪ್ಪನ ಮಗಳು, ನರ್ಸ್. ಈಚೆಗೆ ಮೆಲ್ಬರ್ನ್‌ಗೆ ಬಂದು ಇವಾನ್‌ನ ಮನೆಯಲ್ಲೇ ಉಳಿದಿದ್ದಾಳೆ. ಮೂವತ್ತೆಂಟರ, ನಗುವಾಗ ಕತ್ತು ಹಿಂದೆ ಎಸೆಯುವ ಹುಡುಗಿ. "ಕೃಪಾಗೊಂದು ಒಳ್ಳೆ ಜನ ಸಿಕ್ಕಿದ್ರೆ ಸಾಕು," ಎಂದು ಆನ್ ಮರಿಯಾ ಹೇಳಿದ್ದಳಲ್ಲ.

ಸಿಕ್ಕಿದೆ, ಎಂದುಕೊಂಡಳು ಇಡಾ. ಗೌರೀಶನಿಗೂ ಹತ್ತೂ ಬೆರಳು ಸರಿಯಿರುವವಳು ಸಿಕ್ಕಿದ್ದಾಳೆ. ನನ್ನ ತಮ್ಮನೇ ನಿಂತು ಮಾಡಿಸಿದ್ದಾನೆ.

ಮುಂದಿನ ವಿಮಾನಕ್ಕೆ ಟಿಕೆಟ್ ಬುಕ್ ಮಾಡಿದಳು. ಮೋಡದ ಮೇಲೆ ಕೂತು ಆಡಬೇಕಾದ ಮಾತುಗಳನ್ನು ಜೋಡಿಸಿದಳು. ಕೂಗಾಡಬಾರದು. "ಒಳ್ಳೆಯದಾಯ್ತು," ಎನ್ನಬೇಕು. ನಗಬೇಕು. ಗುಂಡಿಗಳನ್ನು ಇನ್ನು ಮುಂದೆ ನಾನೇ ಹಾಕಿಕೊಳ್ಳುತ್ತೇನೆ ಎನ್ನಬೇಕು. ಗಗನಸಖಿ ಕೊಟ್ಟ ಕಾಫಿಯ ಬಿಸಿ ಬೆರಳಿಗೆ ತಿಳಿಯಲಿಲ್ಲ, ನಾಲಗೆ ಸುಟ್ಟಿತು.

ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಇವಾನ್‌ನ ಮನೆಯ ಮುಂದೆ ಟ್ಯಾಕ್ಸಿ ಇಳಿದಾಗ ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಸಂದಿಯಲ್ಲಿ ಕಾಲುಗಳು ಕಂಡವು. ಗೌರೀಶನ ಕಂದು ಬೂಟು. ಅದರ ಎದುರಿಗೆ, ಕೆಂಪು ಬಣ್ಣ ಹಚ್ಚಿದ ಉಗುರುಗಳ ಚಪ್ಪಲಿ ಕಾಲು.

"ಕಣ್ಣು ಮುಚ್ಚಿ," ಎನ್ನುತ್ತಿದ್ದಳು ಕೃಪಾ. "ಮೆಲ್ಲ ಸವರಿ. ಬೆರಳ ತುದಿಗೇ ಗೊತ್ತಾಗ್ತದೆ."

"ಗೊತ್ತಾತು... ಇಲ್ಲೊಂದು."

ಇಡಾ ಬಗ್ಗಿ, ಬಾಗಿಲಿಗೆ ಎರಡೂ ಕೈ ಕೊಟ್ಟು, ಇದ್ದಷ್ಟೂ ಶಕ್ತಿಯಿಂದ ಮೇಲಕ್ಕೆತ್ತಿದಳು.

ಗೌರೀಶ ಹೂವಿನ ಏಪ್ರನ್ ಕಟ್ಟಿ, ಮೂಗಿನ ಕೆಳಗೆ ಮೀಸೆಯಷ್ಟು ದಪ್ಪ ವಿಕ್ಸ್ ಬಳಿದುಕೊಂಡು, ಕಣ್ಣುಮುಚ್ಚಿ ನಿಂತಿದ್ದ. ಅವನ ಮುಂದೆ ಬೋರಲು ಹಾಕಿದ ಪಾತ್ರೆಯ ಮೇಲೆ ಸಾಲ್ಮನ್‌ನ ಇಡೀ ಒಂದು ಮಗ್ಗುಲು, ಕಿತ್ತಳೆ ಶಾಲು ಹೊದಿಸಿದ ಹಾಗೆ ಬಾಗಿ ಬಿದ್ದಿತ್ತು. ಒಂದು ಕೈ ಅದರ ಮೇಲೆ. ಇನ್ನೊಂದರಲ್ಲಿ ಟ್ವೀಜರ್. ಕೃಪಾ ಐಸ್‌ಪೆಟ್ಟಿಗೆಯ ಮೇಲೆ ಕೂತು ಚಿಪ್ಸ್ ತಿನ್ನುತ್ತಿದ್ದಳು. ಇವಾನ್ ಬಕೆಟಿನಲ್ಲಿ ಮೀನಿನ ತಲೆ ತೊಳೆಯುತ್ತಿದ್ದ.

ಗೌರೀಶ ಕಣ್ಣು ತೆರೆದ.

"ಬಾಯ್," ಎಂದ ಇವಾನ್, "ನಾನು ಫೋನಿನಲ್ಲೇ ಹೇಳ್ಬೇಕು ಅಂತ..."

"ನೀನು ಒಳಗೆ ಹೋಗು. ನಿನಗೆ ಆಮೇಲೆ ಉಂಟು."

ಇವಾನ್ ಮೀನಿನ ತಲೆಯನ್ನು ಬಕೆಟಿನಲ್ಲೇ ಬಿಟ್ಟು ಹೋದ. ಕೃಪಾ ಚಿಪ್ಸ್ ಪೊಟ್ಟಣ ಎದೆಗವಚಿಕೊಂಡು, "ಆಂಟಿ, ಇವರಿಗೆ ತಾಳ್ಮೆ ಉಂಟು, ಕೈ ಮಾತ್ರ ಕಬ್ಬಿಣ," ಎಂದು ಪಿಸುಗುಟ್ಟಿ ಅವನ ಹಿಂದೆ ನಡೆದಳು. ಆಂಟಿ! ಇಡಾಗೆ ಅರೆಗಳಿಗೆ ನಗು ಬಂತು. ನುಂಗಿಕೊಂಡಳು. ಒಂದು ಅನುಮಾನ ಬಿದ್ದುಹೋದ ಜಾಗದಲ್ಲಿ ಅದಕ್ಕಿಂತ ದೊಡ್ಡದು ಎದ್ದು ನಿಂತಿತ್ತು.

"ಯಾರು ಹೇಳಿದ್ದು ನಿನಗೆ? ನನ್ನ ಬೆರಳಿನ ವಿಷಯ, ಮಗುವಿನ ವಿಷಯ?"

"ಇವಾನ್. ನಾನ ಕೇಳಿದೆ. ಡಾಕ್ಟರ್ ಬ್ಯಾಡ ಅಂದಾರ ಅನ್ನೂದು ಸುಳ್ಳು ಅಂತ ನನಗ ಮೊದಲ ಅನಿಸಿತ್ತು."

"ಹೇಗೆ?"

"ದಾರಿ ತುಂಬ ನನ್ನ ಕೈ ಹಿಡ್ಕೊಂಡ ನಡೀತಿ. ಮೀನಂಗಡಿ ಗಾಜಿನ ಮುಂದ ಬಂದ್ರ ಮಾತ್ರ ಬಿಡ್ತಿ." ಗೌರೀಶ ಟ್ವೀಜರ್ ಕೆಳಗಿಟ್ಟ. "ನಾ ಉಸಿರು ಹಿಡ್ದು ನಿಂತಿರ್ತೀನಿ. ನೀನೂ ಹಿಡ್ದಿರ್ತಿ. ನಂದು ಬ್ಯಾರೆ ಕಾರಣ, ನಿಂದು ಬ್ಯಾರೆ."

ಇಡಾ ಗೋಡೆಯ ಕಡೆ ನೋಡಿದಳು. "ಅಂಗಡಿಯಲ್ಲಿ ಮುಳ್ಳು ತೆಗೆದ ಪ್ಯಾಕೆಟ್ ಸಿಗ್ತದೆ. ಇದೆಲ್ಲ ಯಾಕೆ?"

"ಪ್ಯಾಕೆಟ್‌ನಾಗ ತಲಿ ಬರೂದಿಲ್ಲಲ್ಲ. ತಲಿ ಸಾರು ಅಂದ್ರ ನಿನಗ ಜೀವ ಅಂತ. ನಮ್ಮ ಮನಿಗೆ ಬಾ ಅಂತ ಕರದೀನಿ ಇಡಾ. ಬಂದಾಕಿ ನನ್ನ ಅಡಗಿಮನ್ಯಾಗ ಅರ್ಧಾ ಹೊಟ್ಟಿಲೆ ಕೂಡಬಾರದು."

"ಕನಿಕರ."

"ಅಲ್ಲ."

"ಕಮಿಲ್ಲಸ್ ಕೂಡ ಬಹಳ ಒಳ್ಳೆಯವನಿದ್ದ ಗೌರೀಶ. ಕಡೇ ದಿನದವರೆಗೂ."

"ನಾ ಒಳ್ಳೇಂವ ಅಲ್ಲ ಮಾರಾಯ್ತಿ!" ಅವನ ದನಿ ಏರಿತು. ಅವನ ಬಾಯಲ್ಲಿ ತನ್ನ ಊರಿನ ಆ ಪದ ಕೇಳಿ ಇಡಾ ತಿರುಗಿದಳು. "ಮಾರಿ ಮುಂದ ನಿಂತು ಸುಳ್ಳ ಹೇಳೀನಿ. ನಿನ್ನ ತಮ್ಮನ ಕಡಿಂದ ಹೇಳ್ಸೀನಿ. ಮೊದಲನೇ ಮೀನು ಕಂಡು ಈ ಬಕೆಟ್‌ನಾಗ ವಾಂತಿ ಮಾಡ್ಕೊಂಡೀನಿ. ಮನ್ಯಾಗ ಕೊಯ್ದು ಕೊಯ್ದು ಪಕ್ಕದ ಮನಿಯವರಿಗೆ ಕೊಟ್ಟೀನಿ, ಅವರು ಈಗ ನನ್ನ ಕಂಡ್ರ ಕಾರಿನ ತನಕ ಓಡಿ ಬರ್ತಾರ. ನಾ ತಿನ್ನೂದಿಲ್ಲ, ಎಂದೂ ತಿನ್ನೂದಿಲ್ಲ. ನಿನಗ ತಿಳದಿರಲಿ ಅಂತ ಹೇಳ್ತೀನಿ. ಈ ಕೆಲಸ ಕೈಗೆ ಬಂದ್ರ ಹೇಳೂಣು, ಬರದಿದ್ರ ಸುಮ್ನ ಇರೂಣು ಅಂತಿದ್ದೆ. ಇನ್ನೂ ಬಂದಿಲ್ಲ. ನೋಡು."

ಅವಳು ನೋಡಿದಳು. ತುಂಡಿನ ನಡುವೆ ಉದ್ದಕ್ಕೂ ಮಾಂಸ ಹರಿದು ಗುಂಡಿ ಬಿದ್ದಿತ್ತು.

"ಇದೆಂತ ಅವಸ್ಥೆ! ಇಲಿ ಕಚ್ಚಿದ ಹಾಗೆ."

"ಎಳದ್ರ ಹರೀತೈತಿ."

"ನೆಟ್ಟಗೆ ಮೇಲಕ್ಕೆ ಎಳೀತಿದ್ದೀಯಾ? ಹೌದು, ಎಂಜಿನಿಯರ್ ಅಲ್ವಾ, ಮೊಳೆ ಕಿತ್ತ ಹಾಗೆ ಕೀಳ್ತೀಯಾ." ಕೋಟು ಬಿಚ್ಚಲು ಹೋದಳು. ಗುಂಡಿ ಬಗ್ಗಲಿಲ್ಲ. ಅವನು ಕೈ ಮುಂದೆ ತಂದು, ಕೈಗೆ ಮೀನು ಮೆತ್ತಿದೆಯೆಂದು ಹಿಂದಕ್ಕೆಳೆದುಕೊಂಡ. ಕೋಟಿನಲ್ಲೇ ಮೇಜಿನ ಬಳಿ ನಿಂತಳು. "ಮುಳ್ಳು ತಲೆಯ ಕಡೆಗೆ ಬಾಗಿರ್ತದೆ. ಅದು ಯಾವ ಕಡೆ ಬಾಗಿದೆಯೋ ಆ ಕಡೆಗೇ ಎಳೀಬೇಕು. ಎರಡು ಬೆರಳಲ್ಲಿ ಪಕ್ಕದ ಮಾಂಸ ಒತ್ತಿ ಹಿಡಿ. ಅವಸರ ಬೇಡ. ತಲೆಯ ಕಡೆಯಿಂದ ಬಾಲದ ಕಡೆಗೆ ಸವರು, ಆಗ ಚುಚ್ಚುತ್ತದೆ."

ಗೌರೀಶ ಕಣ್ಣುಮುಚ್ಚಿದ. ಅವನ ಬೆರಳು ನಡೆಯಿತು, ನಿಂತಿತು. ಟ್ವೀಜರ್ ಹಿಡಿಯಿತು. ಓರೆಯಾಗಿ, ಮೆಲ್ಲಗೆ, ತಲೆಯ ಕಡೆಗೆ. ಕೂದಲಿನಷ್ಟು ಸಣ್ಣ ಬಿಳಿಯ ಮುಳ್ಳು ಹರಿಯದೆ ಜಾರಿ ಬಂತು. ಅವನು ಅದನ್ನು ಬೆಳಕಿಗೆ ಹಿಡಿದು, ಪರೀಕ್ಷೆ ಪಾಸಾದವನ ಹಾಗೆ ಅವಳ ಕಡೆ ನೋಡಿದ. ವಿಕ್ಸಿನಿಂದ ಅವನ ಕಣ್ಣು ಒದ್ದೆಯಾಗಿತ್ತು. ವಿಕ್ಸಿನಿಂದಲೇ ಇರಬೇಕು.

"ಇನ್ನೊಂದು," ಎಂದಳು ಇಡಾ, ಮುಖ ಬಿಗಿಹಿಡಿದು.

ಅವಳು ಹೇಳುತ್ತ ಹೋದಳು, ಅವನು ತೆಗೆಯುತ್ತ ಹೋದ. ತಟ್ಟೆಯ ಅಂಚಿನಲ್ಲಿ ಮುಳ್ಳಿನ ಸಾಲು ಬೆಳೆಯಿತು. ಮಧ್ಯೆ ಒಮ್ಮೆ ಅವನ ಭುಜ ಅವಳ ಭುಜಕ್ಕೆ ತಾಗಿತು, ಇಬ್ಬರೂ ಸರಿಯಲಿಲ್ಲ.

"ಮುಗೀತು," ಎಂದ ಗೌರೀಶ.

"ಖಂಡಿತವಾ?"

"ಖಂಡಿತ."

ಖಂಡಿತ ಎಂಬ ಮಾತನ್ನು ಅವಳು ನಂಬುವುದಿಲ್ಲ. ತನ್ನ ಬಾಯಿಂದ ಬಂದದ್ದನ್ನೂ ನಂಬುವುದಿಲ್ಲ. ಕೈ ಚಾಚಿದಳು, ಸತ್ತ ಬೆರಳುಗಳನ್ನು ನೋಡಿ ತಡೆದಳು. ಏನನಿಸಿತೋ, ಕೋಟಿನ ತೋಳು ಹಿಂದಕ್ಕೆ ಸರಿಸಿ ಮಣಿಕಟ್ಟಿನ ಒಳಮೈಯನ್ನು, ನಾಡಿ ಮಿಡಿಯುವ ಆ ತೆಳು ಚರ್ಮವನ್ನು, ಮೀನಿನ ಮೇಲೆ ಇಟ್ಟಳು. ತಣ್ಣಗೆ. ತಣ್ಣಗಿರುವುದು ತಿಳಿಯಿತು! ತಲೆಯ ಕಡೆಯಿಂದ ಬಾಲದತ್ತ ಮೆಲ್ಲನೆ ಸವರಿಕೊಂಡು ಬಂದಳು. ನಡುವಿಗೆ ಬರುವಷ್ಟರಲ್ಲಿ ಚುಚ್ಚಿತು.

"ಉಂಟು," ಎಂದಳು. "ಒಂದು ಉಂಟು. ನನಗೆ ಗೊತ್ತಾಯ್ತು ಗೌರೀಶ. ನನಗೇ ಗೊತ್ತಾಯ್ತು."

ಅವನು ಆ ಮುಳ್ಳನ್ನು ತೆಗೆದ, ಅವಳ ಮಣಿಕಟ್ಟು ಅಲ್ಲೇ ಇರುವಂತೆ, ಅದರ ಪಕ್ಕದಿಂದ. ಬಾಗಿದ ಕಡೆಗೇ.

ಒಳಗಿನ ಬಾಗಿಲ ಹಿಂದೆ ಚಿಪ್ಸ್ ಪೊಟ್ಟಣ ಸದ್ದು ಮಾಡಿತು.

"ದಿ ಪಾಂಡ್ಸ್ ಮನೆಯ ಗ್ಯಾರೇಜಿನಲ್ಲಿ ನಲ್ಲಿ ಉಂಟಾ?" ಇಡಾ ಕೇಳಿದಳು.

"ಇಲ್ಲ."

"ಹಾಕಿಸು. ಮೇಜು ಕಿಟಕಿಯ ಹತ್ತಿರ ಇರಬೇಕು. ನಿನ್ನ ತರಕಾರಿ ಕೊಯ್ಯುವ ಹಲಗೆ ಬೇರೆ, ನನ್ನ ಮೀನಿನದ್ದು ಬೇರೆ. ನೀನು ತೆಗೀಬೇಕು, ನಾನು ಪರೀಕ್ಷೆ ಮಾಡ್ತೇನೆ. ನಿನ್ನ ಖಂಡಿತವನ್ನು ನಂಬ್ಲಿಕ್ಕಿಲ್ಲ."

ಗೌರೀಶನ ಕಿವಿ ಕೆಂಪಾಗತೊಡಗಿತು. "ಅಂದ್ರ?"

"ಅಂದ್ರೆ ಹೂಂ. ಎಂತ, ಬರೆದು ಕೊಡ್ಬೇಕಾ?"

ಬಾಗಿಲ ಹಿಂದೆ ಯಾರೋ ಕಿರುಚಿ ಬಾಯಿ ಮುಚ್ಚಿಕೊಂಡರು. ಅವನು ಅಪ್ಪಿಕೊಳ್ಳಲು ತೋಳು ಚಾಚಿದ. ಅವಳು ಹಿಂದಕ್ಕೆ ಹಾರಿದಳು.

"ಕೈ! ಮೊದಲು ಕೈ ತೊಳಿ!"

ಹಿತ್ತಲ ನಲ್ಲಿಯ ಕೆಳಗೆ ಅರ್ಧ ಲಿಂಬೆಹುಳಿ ಹಿಡಿದು ಅವನ ಬೆರಳುಗಳನ್ನು ಒಂದೊಂದಾಗಿ ಉಜ್ಜಿದಳು. ವಾಚಿನ ಪಟ್ಟಿಯನ್ನೂ ಬಿಡಲಿಲ್ಲ. ಆಮೇಲೆ ಅವನ ಅಂಗೈಯನ್ನು ಎತ್ತಿ ಮೂಗಿನ ಬಳಿ ಹಿಡಿದು, ಕಣ್ಣು ಕಿರಿದು ಮಾಡಿ, ಉದ್ದಕ್ಕೆ ಉಸಿರೆಳೆದಳು.

ಲಿಂಬೆ. ಬರೀ ಲಿಂಬೆ.

"ಹೋತೇನು?" ಎಂದ ಗೌರೀಶ.

"ಇನ್ನೂ ಉಂಟು," ಎಂದಳು ಇಡಾ. ಆ ಕೈಯನ್ನು ಕೆನ್ನೆಗೊತ್ತಿಕೊಂಡಳು, ಬಿಡಲಿಲ್ಲ.