ಬಿರುಗಾಳಿಯ ದಿನದ ಹಾಳೆ

“ಡಾಕ್ಟ್ರಿಗೆ ಫೋನ್ ಮಾಡಿದ್ದನ್ನ ಕಿವಿಯಾರೆ ಕೇಳಿದೀನಿ. ಮಾಡಿಲ್ಲ ಅಂತ ಬರೆದೋರು ಯಾರು?”

ಓಫೀಲಿಯಾ ಬರ್ರೆರಾ ಕೇಳಿದ್ದು ಶೆರಿಫ್ ಕಚೇರಿಯ ಗೋಡೆಯನ್ನು. ಮೇ 6, ಬೆಳಿಗ್ಗೆ 9.10. ತನಿಖಾಧಿಕಾರಿ ಟಾರಂಗೊ ದೂರು ಬರೆದುಕೊಂಡರು.

ಮಾರ್ಚ್ 14ರಂದು ಧೂಳಿನ ಬಿರುಗಾಳಿಗೆ ಪಶ್ಚಿಮ ಟೆಕ್ಸಸ್‌ನ ಆ ಊರಿನ ಕರೆಂಟ್ ಹೋಗಿತ್ತು. ಆಕೆಯ ಗಂಡ ರೂಬೆನ್ ಎದೆನೋವೆಂದು ಆಕೆಯ ಜೊತೆ ಕ್ಲಿನಿಕ್ಕಿಗೆ ಬಂದಿದ್ದ. ಅಲ್ಲಿ ರೋಗಿಗಳನ್ನು ನೋಡುವವಳು ನರ್ಸ್ ಪ್ರಾಕ್ಟೀಷನರ್ ಡಾರ್ಲಾ, ಅಂದರೆ ಡಾಕ್ಟರರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಕೊಡಲು ಲೈಸೆನ್ಸ್ ಇರುವ ನರ್ಸ್. ಮೇಲ್ಸಹಿ ಎಪ್ಪತ್ತು ಮೈಲಿ ದೂರದ ಡಾಕ್ಟರ್ ಪ್ರೂಯಿಟ್ ಅವರದು. ರೂಬೆನ್‌ನನ್ನು ಮನೆಗೆ ಕಳಿಸಿದರು. ಸಂಜೆ ರಕ್ತನಾಳ ಒಡೆದು ಸತ್ತ. ಕಂಪ್ಯೂಟರ್ ನಿಂತಿದ್ದರಿಂದ ದಾಖಲೆ ಕಾಗದದ ನಮೂನೆಯಲ್ಲಿತ್ತು. ‘ವೈದ್ಯರಿಗೆ ಕರೆ’ ಎಂಬಲ್ಲಿ ‘ಇಲ್ಲ’ ಎಂದು ಗುರುತು, ಕೆಳಗೆ ಡಾರ್ಲಾಳ ಸಹಿ. ಶುಕ್ರವಾರ ಅವಳ ಲೈಸೆನ್ಸಿನ ವಿಚಾರಣೆ.

“ಸಹಿ ನಿಮ್ಮದಾ?” ಟಾರಂಗೊ ಡಾರ್ಲಾಳನ್ನು ಕೇಳಿದರು.

“ನನ್ನದರ ಹಾಗೇ ಇದೆ, ನನ್ನದಲ್ಲ. ಡಾಕ್ಟ್ರಿಗೆ ಫೋನ್ ಮಾಡಿ ದೊಡ್ಡಾಸ್ಪತ್ರೆಗೆ ಕಳಿಸ್ಲಾ ಅಂತ ಕೇಳಿದೆ ಸಾರ್. ಸ್ನಾಯು ನೋವು, ಮನೆಗೆ ಕಳಿಸು ಅಂದ್ರು.”

“ಕಳಿಸಿಬಿಟ್ರಾ?”

“ಕಳಿಸಿದೆ. ಅಷ್ಟು ಪಾಪ ನಂದೇ.”

ಮೇ 7. ಫೋನ್ ಕಂಪನಿಯ ಪಟ್ಟಿಯಲ್ಲಿ ಮಾರ್ಚ್ 14ರ ಮಧ್ಯಾಹ್ನ 2.20ಕ್ಕೆ ಕ್ಲಿನಿಕ್ಕಿನಿಂದ ಪ್ರೂಯಿಟ್ ಅವರಿಗೆ ನಾಲ್ಕು ನಿಮಿಷದ ಕರೆ ಇತ್ತು.

“ಏನು ಮಾತಾಡಿದ್ರಿ ಡಾಕ್ಟ್ರೇ?”

“ಬಿರುಗಾಳಿ ವಿಷಯ.”

“ನಾಲ್ಕು ನಿಮಿಷ?”

“ಟೆಕ್ಸಸ್ ಗಾಳಿ ಸ್ವಾಮಿ. ನಾಲ್ಕೇ ನಿಮಿಷಕ್ಕೆ ಮುಗಿಯುತ್ತಾ?”

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಮಹಜರು ನಡೆಯಿತು. ಡೆಪ್ಯುಟಿ ಬೆಕಿ ಖಾಲಿ ನಮೂನೆಗಳ ಕಟ್ಟಿನ ಪಕ್ಕ ಆ ಹಾಳೆಯನ್ನಿಟ್ಟು ಬಗ್ಗಿದಳು. “ಅಡಿಯಲ್ಲಿ ನೋಡಿ ಸಾರ್. ‘ಪರಿಷ್ಕೃತ, ಏಪ್ರಿಲ್’ ಅಂತ ಅಚ್ಚಾಗಿದೆ. ಮಾರ್ಚಲ್ಲಿ ಈ ನಮೂನೆನೇ ಇರ್ಲಿಲ್ಲ. ಸತ್ತ ಮೇಲೆ ಬಂದು ತೋರಿಸ್ಕೊಂಡನಾ ಪುಣ್ಯಾತ್ಮ?”

ಟಾರಂಗೊ ಫೈಲುಗಳ ನೋಂದಣಿ ಪುಸ್ತಕ ತೆರೆದರು. ಓಫೀಲಿಯಾಳ ವಕೀಲರ ನೋಟಿಸ್ ತಲುಪಿದ್ದು ಏಪ್ರಿಲ್ 18ಕ್ಕೆ. 19ರಂದು ಫೈಲು ತರಿಸಿಕೊಂಡವರು ಒಬ್ಬರೇ, ಪ್ರೂಯಿಟ್.

ಮೇ 9, ಬೆಳಿಗ್ಗೆ 11.40. ಸಾಕ್ಷ್ಯ ತಿದ್ದಿದ ಆರೋಪದ ಮೇಲೆ, ಕ್ಲಿನಿಕ್ಕಿಗೆ ಬಂದಿದ್ದ ಪ್ರೂಯಿಟ್ ಅವರ ಬಂಧನ ಅಲ್ಲೇ ಆಯಿತು. ಆರು ಊರುಗಳ ಕ್ಲಿನಿಕ್ಕುಗಳು ಅವರೊಬ್ಬರ ಸಹಿಯ ಮೇಲೆ ನಿಂತಿದ್ದವು. ಆ ಸಹಿಗಾಗಿ ಅವರು ಹನ್ನೊಂದು ವರ್ಷ ಹಗಲಿರುಳು ಫೋನ್ ಎತ್ತಿದ್ದರು. ಇನ್ನೊಂದು ಮೊಕದ್ದಮೆಯಾದರೆ ಅವರಿಗೆ ವೈದ್ಯರ ವಿಮೆ ಕೊಡುವವರಿರಲಿಲ್ಲ, ವಿಮೆಯಿಲ್ಲದೆ ಆ ಸಹಿ ನಡೆಯುತ್ತಿರಲಿಲ್ಲ.

ಬಾಗಿಲಲ್ಲಿ ಅವರು ಡಾರ್ಲಾಳ ಕಡೆ ತಿರುಗಿದರು. “‘ಮೊದಲ ಹಾಳೆ ಹಾಳಾಯ್ತು, ನಾನೇ ಮತ್ತೆ ಬರೆದೆ’ ಅಂತ ನೀನು ಅಂದ್ಬಿಡಮ್ಮ. ಆರು ಊರಿನ ಜನ ಎಲ್ಲಿಗೆ ಹೋಗ್ಬೇಕು?”

ಡಾರ್ಲಾ ಒರಗುಬೆಂಚಿನತ್ತ ನೋಡಿದಳು. ಅವತ್ತು ರೂಬೆನ್ ಎದೆ ಹಿಡಿದು ಕೂತಿದ್ದು ಅಲ್ಲೇ.

“ಅನ್ನಲ್ಲ, ಡಾಕ್ಟ್ರೇ.”