ಬಾವಿಗೆ ಬೆನ್ನು ಮಾಡಿದ ನೆರಳು

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಬಾಳಕ್ಕನ ಫೋನು ಬಂತು.

“ಜಿನಗೊಂಡಣ್ಣಾ, ನನ್ನ ಬಾವಿ ಕಳವಾಗೇತಿ.”

“ಬಾವಿ ಯಾರ ಕದೀತಾರ ಬಾಳಕ್ಕಾ? ಚಾ ಕುಡದೀಯೋ ಇಲ್ಲೋ?”

“ಚ್ಯಾಷ್ಟಿ ಮಾಡಬ್ಯಾಡ. ಬಾವಿ ಅಲ್ಲೇ ಐತಿ. ಕಲ್ಲು ಆಚೆ ಜಿಗದೈತಿ. ಲಗೂನ ಬಾ.”

ಮೂವತ್ತೆಂಟು ವರ್ಷ ನಾನು ಸರಕಾರಿ ಭೂಮಾಪಕ. ಜಿಲ್ಲೆಯ ಅರ್ಧ ಹೊಲಗಳನ್ನು ಅಳೆದಿದ್ದೇನೆ, ಆ ಹೊಲದವರೆಲ್ಲರ ಬೈಗುಳ ತಿಂದಿದ್ದೇನೆ. ನಿವೃತ್ತನಾಗಿ ಹನ್ನೊಂದು ವರ್ಷವಾಯಿತು. ಆದರೂ ಗಡಿಕಲ್ಲು ಜಿಗಿದಿದೆ ಎಂದರೆ ಮನೆಯಲ್ಲಿ ಕೂರಲಾಗುವುದಿಲ್ಲ. ಗಡಹಿಂಗ್ಲಜದಿಂದ ಅವಳ ಹೊಲ ಆರು ಕಿಲೋಮೀಟರು. ಸ್ಕೂಟರ್ ಹತ್ತಿದೆ.

ಬಾಳಕ್ಕ ಟ್ರೇಗಳಲ್ಲಿ ಕಬ್ಬಿನ ಸಸಿ ಬೆಳೆಸಿ ಮಾರುವವಳು. ಆ ನರ್ಸರಿಯೆಲ್ಲ ನಿಂತಿರುವುದು ಒಂದೇ ಬಾವಿಯ ಮೇಲೆ. ಏಳೇ ಅಡಿ ಅಗಲ, ಹಳೆಯ ಕಲ್ಲುಬಾವಿ. ಅದರ ದಕ್ಷಿಣಕ್ಕೆ ಕಾಕಾಸಾಹೇಬನ ಹೊಲ. ಇಬ್ಬರ ನಡುವಿನ ಕಲ್ಲು ಯಾವಾಗಲೂ ಬಾವಿಯ ದಕ್ಷಿಣಕ್ಕಿತ್ತು. ಈಗ ಬಾವಿಯ ಉತ್ತರಕ್ಕೆ ನಿಂತಿದೆ, ಹುಟ್ಟಿದ್ದೇ ಅಲ್ಲಿ ಎನ್ನುವ ಹಾಗೆ. ಅಂದರೆ ಬಾವಿ ಕಾಕಾಸಾಹೇಬನ ಪಾಲಿಗೆ ಹೋದಂತೆ.

ಬಾಳಕ್ಕ ಎರಡು ದಿನ ಇಚಲಕರಂಜಿಯಲ್ಲಿ ಮಗಳ ಮನೆಯಲ್ಲಿದ್ದಳು. ಬಂದು ನೋಡಿದರೆ ಹೀಗೆ. ಸೋಮವಾರ ಸರಕಾರಿ ಮೋಜಣಿ. ಅಳೆಯುವವರು ಈ ಕಲ್ಲನ್ನೇ ಹಿಡಿದು ಗೆರೆ ಎಳೆದರೆ ಬಾವಿಯ ಕಥೆ ಮುಗಿಯಿತು.

ನಾನು ಹೋಗುವಷ್ಟರಲ್ಲಿ ಪೊಲೀಸ್ ಫೌಜದಾರ ರುತುಜಾ ಬಂದಿದ್ದಳು. ಚುರುಕು ಹುಡುಗಿ. ಬಾಯಿ ಕಡಿಮೆ, ಕಣ್ಣು ಜಾಸ್ತಿ.

“ಇವನ ಮಾಡ್ಯಾನ್ರಿ ಮ್ಯಾಡಮ್! ಟ್ರ್ಯಾಕ್ಟರ್ ಗಾಲಿ ಗುರುತು ನೋಡ್ರಿ!” ಬಾಳಕ್ಕ ಕಾಕಾಸಾಹೇಬನತ್ತ ಕೈ ಮಾಡಿದಳು.

“ನಿನ್ನೆ ಕಬ್ಬು ಹೇರೀನಿ. ಟ್ರ್ಯಾಕ್ಟರ್ ಏನ ಹಾರಿ ಬರತೈತೇನ?” ಕಾಕಾಸಾಹೇಬ ಗುಡುಗಿದ.

ನಾನು ಬಗ್ಗಿ ನೋಡಿದೆ. ಗಾಲಿಯ ಗುರುತು ಬಾವಿಯ ದಕ್ಷಿಣಕ್ಕೆ, ಕಾಕಾಸಾಹೇಬನ ಹೊಲದಲ್ಲೇ ನೇರ ಹೋಗಿತ್ತು. ಎಲ್ಲೂ ನಿಂತಿರಲಿಲ್ಲ, ತಿರುಗಿರಲಿಲ್ಲ. ಕಲ್ಲು ಹೇರಿ ಇಳಿಸಬೇಕಾದರೆ ಗಾಡಿ ನಿಲ್ಲಬೇಕಲ್ಲ?

“ಟ್ರ್ಯಾಕ್ಟರ್ ಬಿಡ್ರಿ. ಒಂದ ಹಾರಿ ಕೊಡ್ರಿ,” ಎಂದೆ.

ಹಾರೆಯಿಂದ ಕಲ್ಲಿನ ಬುಡ ಅಗೆದೆ. ಬರೀ ಮಣ್ಣು. ಆಮೇಲೆ ಬಾವಿಯ ದಕ್ಷಿಣಕ್ಕೆ ಕಬ್ಬಿನ ಒಣ ಎಲೆಯ ರವದಿ ಸರಿಸಿ ಅಗೆದೆ. ಮಣ್ಣು ಸಡಿಲ. ಒಂದೂವರೆ ಅಡಿಗೆ ಇದ್ದಿಲು ಸಿಕ್ಕಿತು.

“ಏನ್ರಿ ಇದು?” ರುತುಜಾ ಕೇಳಿದಳು.

“ನಮ್ಮ ಹಳೇ ಮಂದಿ ಕಲ್ಲು ನಡೂ ಮುಂದ ಬುಡಕ್ಕ ಇದ್ದಲಿ ಹಾಕತಿದ್ರು. ಕಲ್ಲು ಯಾರರ ಕಿತ್ತಬಹುದು. ಇದ್ದಲಿ ಕೊಳಿಯಂಗಿಲ್ಲ, ನೆಪ್ಪ ಇಟಗೊಂಡ ಕುಂತಿರತೈತಿ.”

ಬಾಳಕ್ಕನ ಮುಖ ಅರಳಿತು. ಅರಳಿದ್ದು ಎರಡೇ ನಿಮಿಷ. ಕಾಕಾಸಾಹೇಬ ಮೊಬೈಲು ಮುಂದೆ ಹಿಡಿದ.

“ಮ್ಯಾಡಮ್, ಮೇದಾಗ ನಾ ಖಾಸಗಿ ಮೋಜಣಿ ಮಾಡಿಸಿದ್ನಿ. ಕೊಲ್ಹಾಪುರದ ಕೇತನ ಮಾಡ್ಯಾನ. ಅವತ್ತಿನ ಫೋಟೊ ಈಗ ಕಳಿಸ್ಯಾನ. ಕಲ್ಲು ಆಗಲೇ ಇಲ್ಲೇ ಇತ್ತಂತ.”

ಫೋಟೊದಲ್ಲಿ ಕಲ್ಲು, ಅದರ ಹಿಂದೆ ಬಾವಿ. ಕೆಳಗೆ ಅಕ್ಷಾಂಶ, ರೇಖಾಂಶ, ‘ಮೇ ೨೫, ೧೨:೩೦’. ಈಗಿನ ಮೊಬೈಲುಗಳು ಇದನ್ನೆಲ್ಲ ತಾವೇ ಬರೆದುಕೊಳ್ಳುತ್ತವೆ.

ರುತುಜಾ ಬಾಳಕ್ಕನ ಕಡೆ ತಿರುಗಿದಳು. “ಅಕ್ಕಾ, ಎರಡ ದಿನದಾಗ ಕಲ್ಲು ಸರದೈತಿ ಅಂತ ತಕ್ರಾರ ಕೊಟ್ಟೀರಿ. ಇದು ಖರೆ ಇದ್ದರ ನಿಮ್ಮ ತಕ್ರಾರ ಸುಳ್ಳ ಆಗತೈತಿ.”

ಬಾಳಕ್ಕ ಬಾವಿಯ ಕಟ್ಟೆ ಹಿಡಿದು ಕುಳಿತುಬಿಟ್ಟಳು.

*

ಶುಕ್ರವಾರ ಕೊಲ್ಹಾಪುರಕ್ಕೆ ಹೋದೆ. ಕೇತನನ ಆಫೀಸು ತಣ್ಣಗಿತ್ತು. ಮೂರು ಕಂಪ್ಯೂಟರು, ಮೂಲೆಯಲ್ಲಿ ಉಪಗ್ರಹದಿಂದ ಜಾಗ ಹಿಡಿಯುವ ಯಂತ್ರ. ಒಳ್ಳೆಯ ಯಂತ್ರವೇ. ಬೆರಳಗಲದ ತಪ್ಪೂ ಮಾಡುವುದಿಲ್ಲ.

“ಬರ್ರಿ ಕಾಕಾ. ಇದ್ದಲಿ ಸಿಕ್ಕೈತಂತಲ್ಲ? ಇದ್ದಲಿ ಏನ್ರಿ, ಯಾರ ಒಲಿಯಾಗೂ ಸಿಗತೈತಿ. ಆ ಬಾಳಕ್ಕ ಆಯಿನ ಹುಗದಿರಬೇಕು.”

“ಇರಬಹುದಪಾ. ನೀ ಹೆಂಗ ಅಳದಿ ಅಷ್ಟ ತೋರಸು.”

ತೋರಿಸಿದ. ಹಳೆಯ ಸರಕಾರಿ ಅಳತೆ ಟಿಪ್ಪಣದ ನಕಲು. ರಸ್ತೆ ಪಕ್ಕದ ಕಲ್ಲಿನಿಂದ ಉತ್ತರಕ್ಕೆ ಈ ಗಡಿಕಲ್ಲಿಗೆ ‘ಸಾಖಳಿ ೫, ಆಣೆ ೮’. ಸಾಖಳಿ ಎಂದರೆ ಅಳತೆಯ ಸರಪಳಿ, ಮೂವತ್ಮೂರು ಅಡಿ.

“ನಿನ್ನ ನಕ್ಷೆದಾಗ ಎಷ್ಟ ಬಂತು?”

“ನೂರಾ ತೊಂಬತ್ತೊಂದು ಫೂಟ, ಚಿಲ್ಲರ.”

“ಹೊಲದಾಗ ಇಳದ ಕಲ್ಲು ನೋಡಿದೇನ?”

“ನೋಡದನ ಫೋಟೊ ಎಲ್ಲಿಂದ ಬರತೈತ್ರಿ?” ಎಂದು ನಕ್ಕ.

ಅವನು ಹೇಳಿದ ಅಂಕಿಯನ್ನು ಬಸ್ ಟಿಕೇಟಿನ ಹಿಂದೆ ಬರೆದುಕೊಂಡೆ.

ಮಧ್ಯಾಹ್ನದ ಬಸ್ಸಿಗೆ ಹೊರಟೆ. ಮುಂದಿನ ಸೀಟು. ಕಾಗಲದ ಕಡೆ, ಅಂದರೆ ದಕ್ಷಿಣಕ್ಕೆ, ಬಸ್ಸು ಓಡುತ್ತಿತ್ತು. ಡಿಸೆಂಬರಿನ ಬಿಸಿಲು ಮುಂದಿನ ಗಾಜಿನಿಂದ ನೇರ ನನ್ನ ತೊಡೆಯ ಮೇಲೆ ಬಿತ್ತು. ಚೀಲ ಅಡ್ಡ ಇಟ್ಟುಕೊಂಡೆ. ಮೇ ತಿಂಗಳಲ್ಲಿ ಇದೇ ಹೊತ್ತು, ಇದೇ ಸೀಟಿನಲ್ಲಿ ಕುಳಿತಿದ್ದೆ. ಆಗ ಬಿಸಿಲು ತೊಡೆಗೆ ಬಂದಿರಲಿಲ್ಲ. ಬಸ್ಸಿನ ತಗಡು ಮಾತ್ರ ಕಾದಿತ್ತು.

ಮೊಬೈಲು ತೆಗೆದು, ರುತುಜಾ ಕಳಿಸಿದ್ದ ಆ ಫೋಟೊ ಮತ್ತೆ ನೋಡಿದೆ. ಜೋರಾಗಿ ನಕ್ಕುಬಿಟ್ಟೆ. ಕಂಡಕ್ಟರು ಗಾಬರಿಯಾಗಿ, “ಕಾಯ್ ಝಾಲಂ ಆಜೋಬಾ?” ಎಂದು ಮರಾಠಿಯಲ್ಲಿ ಏನಾಯಿತೆಂದು ವಿಚಾರಿಸಿದ.

*

ಶನಿವಾರ ಹನ್ನೆರಡೂವರೆ. ರುತುಜಾ ಎಲ್ಲರನ್ನೂ, ಸಾಕ್ಷಿಗೆ ಊರ ಪಂಚರನ್ನೂ ಹೊಲಕ್ಕೆ ಕರೆಸಿದ್ದಳು. ಕೇತನ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ.

“ಕೇತನ, ಮೇದಾಗ ನಿಂತ ಜಾಗಾದಾಗ ನಿಂದರು. ಇನ್ನೊಂದ ಫೋಟೊ ತಗಿ,” ಎಂದೆ.

ತೆಗೆದ. ಎರಡನ್ನೂ ಪಕ್ಕಪಕ್ಕ ಹಿಡಿದು ರುತುಜಾಗೆ ತೋರಿಸಿದೆ.

“ಏನ ಫರಕ ಐತಿ ಮ್ಯಾಡಮ್?”

“ಏನೂ ಇಲ್ಲ ಕಾಕಾ. ಎರಡೂ ಒಂದ ಐತಿ.”

“ಅದನ ಪಂಚಾತಿ. ನೆರಳು ನೋಡ್ರಿ.”

ಎರಡು ಅಡಿಯ ಕಲ್ಲಿಗೆ ಒಂದೂವರೆ ಅಡಿಗಿಂತ ಉದ್ದದ ನೆರಳು. ಉತ್ತರಕ್ಕೆ ಚಾಚಿ, ಬಾವಿಗೆ ಬೆನ್ನು ಮಾಡಿ ಬಿದ್ದಿತ್ತು. ಎರಡೂ ಫೋಟೊಗಳಲ್ಲಿ.

“ಡಿಸೆಂಬರದಾಗ ಸೂರ್ಯ ದಕ್ಷಿಣಕ್ಕ ಇರತಾನ. ನೆರಳು ಉತ್ತರಕ್ಕ ಬೀಳತೈತಿ. ಬರೋಬ್ಬರಿ. ಆದ್ರ ನಮ್ಮ ಕಡೆ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದ ತನಕ ನಡುಮಧ್ಯಾಹ್ನ ಸೂರ್ಯ ನೆತ್ತಿ ದಾಟಿ ಉತ್ತರಕ್ಕ ಹೋಗತಾನ. ಮೇ ಇಪ್ಪತ್ತೈದಕ್ಕ ಈ ಕಲ್ಲಿನ ನೆರಳು ಎರಡ ಬಟ್ಟ, ಎರಡ ಬೆರಳಷ್ಟ ಇರಬೇಕು. ಅದೂ ಬಾವಿ ಕಡೆ ಮಾರಿ ಮಾಡಿ ಬೀಳಬೇಕು. ಈ ಫೋಟೊದಾಗ ಜಾಗಾ ಖರೆ. ತಾರೀಖು ಸುಳ್ಳ. ಮೊಬೈಲದ ತಾರೀಖು ಹಿಂದ ತಿರುವಿದ್ರ ಅದು ಹಿಂದಿಂದ ಬರೀತೈತಿ. ಸೂರ್ಯಾನ್ನ ತಿರುವೂದು ಇವಂಗ ಆಗಲಿಲ್ಲ.”

ಕೇತನ ಕನ್ನಡಕ ತೆಗೆದ.

“ಆದ್ರ ಯಾಕ?” ಕಾಕಾಸಾಹೇಬ ಬೆಪ್ಪಾಗಿದ್ದ. “ಬಾವಿ ನನಗ ಬೇಕು ಅಂತ ನಾ ಅಂದಿಲ್ಲ!”

“ನೀ ಅಂದಿಲ್ಲ. ಇವನ ತಪ್ಪ ಅಂತು.” ಟಿಕೇಟು ತೆಗೆದೆ. “ಸಾಖಳಿ ಐದು, ಆಣೆ ಎಂಟು. ನಮ್ಮ ಸಾಖಳಿಗೆ ಹದಿನಾರು ಆಣೆ. ಎಂಟಾಣೆ ಅಂದ್ರ ಅರ್ಧ. ಐದೂವರಿ ಸಾಖಳಿ, ನೂರಾ ಎಂಬತ್ತೊಂದೂವರಿ ಫೂಟ. ಇವತ್ತ ಮುಂಜಾನೆ ಟೇಪ ಹಿಡದ ನೋಡೀನಿ, ಇದ್ದಲಿ ಅಲ್ಲೇ ಐತಿ. ಇಂವ ಅದನ್ನ ಐದು ಪಾಯಿಂಟ ಎಂಟು ಅಂತ ಓದ್ಯಾನ. ನೂರಾ ತೊಂಬತ್ತೊಂದು. ಹತ್ತ ಫೂಟ ಬಡಗಲಕ್ಕ ಜಿಗೀತು, ಬಾವಿ ನುಂಗ್ತು.”

ರುತುಜಾ ಕೇತನನ ಎದುರಿಗೆ ಬಂದು ನಿಂತಳು. “ಮೇದಾಗ ಹೊಲದಾಗ ಇಳದಿದ್ದಿಯೇನ?”

“ಇಲ್ರಿ,” ಅವನ ದನಿ ಕುಗ್ಗಿತು. “ಬಿಸಿಲು ಭಾಳ ಇತ್ತು. ರಸ್ತಾದ ಮ್ಯಾಲೆ ಯಂತ್ರ ಇಟ್ಟು ಉಳಿದದ್ದು ಆಫೀಸಿನ್ಯಾಗ ಮಾಡಿದ್ನಿ. ಸರಕಾರಿ ಮೋಜಣಿ ಬರತೈತಿ ಅಂತ ಗೊತ್ತಾದ ಮ್ಯಾಲೆ ತಪ್ಪು ಕಂಡ್ತು. ನಕ್ಷೆ ತಿದ್ದಿದ್ರ ನನ್ನ ಹೆಸರು ಹೋಗತಿತ್ತು. ಬುಧವಾರ ಆಯಿ ಊರಾಗ ಇರಲಿಲ್ಲ. ಹಾರಿ ಹಾಕಿ ಕಿತ್ತು, ಉಳ್ಳಿಸಿ ಇಲ್ಲಿ ನಟ್ನಿ, ತಾರೀಖು ತಿರುವಿ ಫೋಟೊ ತಗದ್ನಿ.”

“ನೆಲ ನೋಡಿ ನಕ್ಷೆ ಬರೀಬೇಕು ಮಗನ. ನೀ ನಕ್ಷೆ ನೋಡಿ ನೆಲಾನ ತಿದ್ದಾಕ ಹೋದಿ,” ಎಂದೆ. ಹೆಚ್ಚು ಬೈಯಲಿಲ್ಲ. ನಾನೂ ಮೊದಲ ವರ್ಷ ಉತ್ತರ ದಕ್ಷಿಣ ಅದಲು ಬದಲು ಮಾಡಿದವನೇ. ಆದರೆ ನಾನು ತಿದ್ದಿದ್ದು ಕಾಗದವನ್ನು.

ರುತುಜಾ ಜೀಪಿನ ಬಾಗಿಲು ತೆಗೆದಳು. ಅದಕ್ಕೂ ಮೊದಲು ಕೇತನನ ಕೈಗೇ ಹಾರೆ ಕೊಟ್ಟೆವು. ಪಂಚರ ಎದುರಿಗೆ ಕಲ್ಲನ್ನು ಮತ್ತೆ ಇದ್ದಿಲ ಮೇಲೆ ನಿಲ್ಲಿಸಿದ. ಕಾಕಾಸಾಹೇಬನೂ ಒಂದು ಕೈ ಹಚ್ಚಿದ.

“ನನ್ನ ಟ್ರ್ಯಾಕ್ಟರ್ ಕಲ್ಲು ಕದ್ದಿರಲಿಲ್ಲಲ್ಲ ಬಾಳಕ್ಕಾ?” ಎಂದು ಕೆಣಕಿದ.

“ಸುಮ್ಮನ ನೂಕು. ಇನ್ನೊಂದ ಬಟ್ಟ ಆ ಕಡೆ.”

ಕೇತನ ಬೆವರು ಒರೆಸಿಕೊಳ್ಳುತ್ತಿದ್ದ. ಬಾಳಕ್ಕ ಬಾವಿಗೆ ಕೊಡ ಬಿಟ್ಟಳು. ನೀರು ಸೇದಿ, ತಂಬಿಗೆ ತುಂಬಿ ಮೊದಲು ಅವನ ಮುಂದೆ ಹಿಡಿದಳು.

“ಕುಡಿಯಪಾ. ಕುಡದು, ಇದು ಯಾರ ನೀರು ಅಂತ ನಿನ್ನ ನಕ್ಷೆದಾಗ ಬರಿ.”