ಗಾಯ ಮಾಯದ ರಾಜ್ಯ

ಬಹಳ ಹಿಂದೆ, ಹಾವು ಹುಲಿಗಳೂ ಮನುಷ್ಯರ ಹಾಗೆ ಮಾತಾಡುತ್ತಿದ್ದ ಕಾಲದಲ್ಲಿ, ಏಳು ಬೆಟ್ಟಗಳ ನಡುವೆ ಸೋಮಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ನಂಜವ್ವ ಎಂಬ ಮುದುಕಿ ಇದ್ದಳು. ಅವಳು ಹಿತ್ತಲಲ್ಲಿ ಒಲೆ ಹೂಡಿ ಹಸಿರು ಮುಲಾಮು ಕಾಯಿಸುತ್ತಿದ್ದಳು. ದೊಡ್ಡ ದೊಡ್ಡ ರೋಗಗಳಿಗೆ ಅವಳ ಹತ್ತಿರ ಮದ್ದಿರಲಿಲ್ಲ. ಆದರೆ ಈಳಿಗೆ ತಾಗಿದ ಬೆರಳು, ಬಾಣಲೆ ಸುಟ್ಟ ಮೊಣಕೈ, ಕಲ್ಲು ಎಡವಿದ ಹೆಬ್ಬೆರಳು ಅವಳ ಮುಲಾಮು ಬಿದ್ದರೆ ಮೂರೇ ದಿನದಲ್ಲಿ ಮಾಯುತ್ತಿದ್ದವು.

ನಂಜವ್ವನಿಗೆ ಇಬ್ಬರು ಸೊಸೆಯರು. ಹಿರಿಯಳು ಕೆಂಚವ್ವ, ಕಿರಿಯಳು ಹೂವಿ.

ಕೆಂಚವ್ವ ಆ ಮನೆಗೆ ಬಂದು ಹನ್ನೆರಡು ವರ್ಷವಾಗಿತ್ತು. ಹನ್ನೆರಡು ವರ್ಷವೂ ಅವಳೇ ಸೊಪ್ಪು ಕೊಯ್ದಳು, ಅವಳೇ ಅರೆದಳು, ಅವಳೇ ಹೊಗೆ ಕುಡಿದು ಒಲೆ ಉರಿಸಿದಳು. ಮುಲಾಮು ತಿರುವುವ ಹಲಸಿನ ಮರದ ಸೌಟು ಮಾತ್ರ ಅತ್ತೆಯ ಕೈಯಲ್ಲೇ ಇತ್ತು. ಅತ್ತೆಗೆ ವಯಸ್ಸಾಯಿತು, ಕೈ ನಡುಗತೊಡಗಿತು. ಇನ್ನು ಸೌಟು ನನಗೇ ಎಂದು ಕೆಂಚವ್ವ ಕಾದಳು. ಅಷ್ಟರಲ್ಲಿ ಹೂವಿ ಸೊಸೆಯಾಗಿ ಬಂದಳು. ಬಂದ ವರ್ಷವೇ ನಂಜವ್ವ ಸೌಟನ್ನು ಹೂವಿಯ ಕೈಗಿಟ್ಟಳು.

"ಇವಳ ಕೈಗೆ ಅವಸರ ಇಲ್ಲ, ಕೆಂಚಿ" ಎಂದಳು ಅತ್ತೆ.

ಕೆಂಚವ್ವ ಒಲೆಗೆ ಸೌದೆ ತಳ್ಳಿದಳು. ಅಂದಿನಿಂದ ಅವಳ ಹೊಟ್ಟೆಯಲ್ಲಿ ಒಂದು ಕೆಂಡ ಕೂತಿತು. ಹೂವಿ ನಕ್ಕರೆ ಅದು ಉರಿಯಿತು. ಹೂವಿ ಸುಮ್ಮನಿದ್ದರೂ ಉರಿಯಿತು. "ಹೂವಮ್ಮನ ಮುಲಾಮು ಕೊಡಿ" ಎಂದು ಯಾರಾದರೂ ಬಾಗಿಲಿಗೆ ಬಂದರೆ ಇನ್ನಷ್ಟು ಉರಿಯಿತು.

ಆ ಸೀಮೆಯಲ್ಲಿ ಇನ್ನೊಂದು ಹೊಟ್ಟೆಯೂ ಉರಿಯುತ್ತಿತ್ತು. ಎಂಟನೆಯ ಬೆಟ್ಟದ ಮೇಲೆ ಧೂಮಲ ಎಂಬ ಮಾಂತ್ರಿಕನಿದ್ದ. ಹಿಂದೊಮ್ಮೆ ಕುದುರೆಯ ಲಗಾಮು ಉಜ್ಜಿ ರಾಜನ ಅಂಗೈಯಲ್ಲಿ ಬೊಬ್ಬೆ ಎದ್ದಾಗ ಧೂಮಲನ ಮಂತ್ರ ನಾಟಲಿಲ್ಲ. ನಂಜವ್ವನ ಮುಲಾಮು ನಾಟಿತು. ರಾಜ ತುಂಬಿದ ಸಭೆಯಲ್ಲಿ ಅವಳಿಗೆ ಶಾಲು ಹೊದಿಸಿದ. ಆ ಶಾಲನ್ನು ಧೂಮಲ ಮರೆಯಲಿಲ್ಲ. ಒಂದು ದಿನ ಬೆಟ್ಟದ ತುದಿಯಲ್ಲಿ ನಿಂತು ಕೂಗಿದ:

"ಈ ಏಳು ಬೆಟ್ಟಗಳೊಳಗೆ ಆದ ಗಾಯ ಮಾಯದಿರಲಿ! ಎಣ್ಣೆ ಕಮಟಲಿ, ಸೊಪ್ಪಿನ ಸತ್ವ ಹೋಗಲಿ, ಮೇಣ ಪುಡಿಯಾಗಲಿ! ಯುಗಾದಿಯೊಳಗೆ ಈ ಶಾಪ ಕಳೆಯಲು ಆಗದಿದ್ದರೆ ರಾಜ ತನ್ನ ಕಿರೀಟ ತಂದು ನನ್ನ ತಲೆಗಿಡಲಿ!"

ಅಂದಿನಿಂದ ಸೋಮಾವತಿಯಲ್ಲಿ ಚಿಕ್ಕ ಗೀರೂ ಮಾಯಲಿಲ್ಲ. ಮೋಚಿಯ ಬೆರಳಿಗೆ ಚುಚ್ಚಿದ ಉಳಿಯ ಗಾಯ ಹಾಗೇ ಉಳಿಯಿತು. ತರಕಾರಿ ಹೆಚ್ಚಲು ಹೆಂಗಸರು ಹೆದರಿದರು. ಮಕ್ಕಳನ್ನು ಓಡಲು ಬಿಡಲಿಲ್ಲ. ಕಸೂತಿ ಹಾಕುವಾಗ ಸೂಜಿ ಚುಚ್ಚಿದ ರಾಜಕುಮಾರಿಯ ಬೆರಳು ಆರು ತಿಂಗಳಾದರೂ ಒಸರುತ್ತಲೇ ಇತ್ತು. ನಂಜವ್ವನ ಗಂಡುಮಕ್ಕಳಿಬ್ಬರೂ ಕುಡುಗೋಲು ತಾಗಿದ ಕಾಲು ಚಾಚಿಕೊಂಡು ಜಗಲಿಯ ಮೇಲೆ ಕೂತುಬಿಟ್ಟರು.

ಯುಗಾದಿಗೆ ಇನ್ನು ಹತ್ತು ದಿನವಿತ್ತು. ನಂಜವ್ವ ಸೊಸೆಯರನ್ನು ಕರೆದಳು.

"ಶಾಪ ಏಳು ಬೆಟ್ಟದೊಳಗೆ ಮಾತ್ರ. ಎಂಟನೆಯ ಬೆಟ್ಟದ ಕಾಡಿನಲ್ಲಿ ಸತ್ವ ಇನ್ನೂ ಇದೆ. ಹಾವಿನ ಹತ್ತಿರ ಎಣ್ಣೆ ಇದೆ, ಹುಲಿಯ ಹತ್ತಿರ ಸೊಪ್ಪಿದೆ, ಜೇನಿನ ಹತ್ತಿರ ಮೇಣ ಇದೆ. ತನ್ನಿ. ಇಬ್ಬರೂ ಹೋಗಿ."

"ಅವಳೊಬ್ಬಳನ್ನೇ ಕಳಿಸಿ ಅತ್ತೆ. ನನ್ನಿಂದ ಏನಾಗುತ್ತೆ?" ಎಂದಳು ಕೆಂಚವ್ವ.

"ಅಕ್ಕ ಬರದೆ ನಾನು ಹೋಗಲ್ಲ" ಎಂದಳು ಹೂವಿ.

ಇಬ್ಬರೂ ಬುತ್ತಿ ಕಟ್ಟಿಕೊಂಡು ಹೊರಟರು. ಮೂರು ದಿನ ನಡೆದು ಕಾಡು ಸೇರಿದರು.

ಮೊದಲು ಸಿಕ್ಕಿದ್ದು ಏಳು ಹೆಡೆಯ ಹಾವು. ಎಳ್ಳೆಣ್ಣೆಯ ಗಡಿಗೆಗೆ ಸುತ್ತಿಕೊಂಡು ಕೂತಿತ್ತು. "ನಿಮ್ಮಿಬ್ಬರಲ್ಲಿ ಯಾರು ಹೆಚ್ಚು? ಹೆಚ್ಚಿನವಳಿಗೆ ಕೊಡ್ತೀನಿ. ಸುಳ್ಳು ಹೇಳಿದರೆ ಕಚ್ತೀನಿ" ಎಂದಿತು.

"ನಮ್ಮಕ್ಕ ಹೆಚ್ಚು. ಹನ್ನೆರಡು ವರ್ಷದಿಂದ ಈ ಕೆಲಸ ಮಾಡ್ತಿದ್ದಾಳೆ. ನಾನು ನಿನ್ನೆ ಮೊನ್ನೆ ಬಂದವಳು" ಎಂದಳು ಹೂವಿ.

ಹಾವು ಕಚ್ಚಲಿಲ್ಲ. ಗಡಿಗೆಯನ್ನು ಕೆಂಚವ್ವನ ಮುಂದೆ ಸರಿಸಿತು. ಕೆಂಚವ್ವ ಅದನ್ನು ಎತ್ತಿಕೊಂಡಳು. ಆದರೆ ಅವಳಿಗೆ ಹೂವಿ ಭಿಕ್ಷೆ ಹಾಕಿದಂತಾಯಿತು. 'ತಗ್ಗಿ ಮಾತಾಡುವುದರಲ್ಲೂ ಇವಳೇ ಮೇಲಾದಳಲ್ಲ' ಎಂದುಕೊಂಡಳು.

ಎರಡನೆಯದಾಗಿ ಸಿಕ್ಕಿದ್ದು ಬಿಳಿ ಹುಲಿ. ಅದರ ಹಿಂದೆ ಒಂದು ಬಯಲು ತುಂಬ ಒಂದೇ ಥರದ ಗಿಡ. "ಇದರಲ್ಲಿ ಒಂದೇ ಒಂದು ಸಾಲು ನಿಜವಾದ ಗಾಯದ ಸೊಪ್ಪು. ಬೇರೆ ಗಿಡ ಮುಟ್ಟಿದವರು ಕಲ್ಲಾಗ್ತಾರೆ" ಎಂದಿತು ಹುಲಿ.

ಹೂವಿ ನೋಡಿದಳು, ಅವಳಿಗೆ ತಿಳಿಯಲಿಲ್ಲ. ಕೆಂಚವ್ವ ಮಂಡಿಯೂರಿದಳು. ಮುಟ್ಟದೆ, ಬಾಗಿ ಬಾಗಿ ಮೂಸುತ್ತ ಸಾಲಿನಿಂದ ಸಾಲಿಗೆ ಸರಿದಳು. ಬಿಸಿಲು ನೆತ್ತಿಗೇರಿತು. ಕೊನೆಗೆ ಒಂದು ಸಾಲಿನ ಮುಂದೆ ನಿಂತು, ಹೆದರದೆ ಕೈಹಾಕಿ, ಬೇರು ಅಲುಗದ ಹಾಗೆ ಚಿಗುರು ಚಿವುಟಿದಳು. ಅವಳು ಕಲ್ಲಾಗಲಿಲ್ಲ.

"ಇಂಥ ಮೂಗನ್ನು ನಾನು ಕಂಡಿಲ್ಲ" ಎಂದು ಹುಲಿ ದಾರಿ ಬಿಟ್ಟಿತು. ಹೂವಿ ಚಪ್ಪಾಳೆ ತಟ್ಟಿದಳು. "ಅತ್ತೆಗೆ ಹೇಳ್ತೀನಿ ನೋಡು ಅಕ್ಕ! ಊರಿಗೆಲ್ಲ ಹೇಳ್ತೀನಿ!"

ಒಂದು ಗಳಿಗೆ ಕೆಂಚವ್ವನ ಎದೆ ತಂಪಾಯಿತು. ಮರುಗಳಿಗೆ ಅನ್ನಿಸಿತು: ಹೇಳುವವಳು ಇವಳು. ಕೇಳಿದವರು 'ಹೂವಿ ಎಷ್ಟು ಒಳ್ಳೆಯವಳು, ಓರಗಿತ್ತಿಯನ್ನು ಹೇಗೆ ಹೊಗಳುತ್ತಾಳೆ' ಅನ್ನುತ್ತಾರೆ. ನನ್ನ ಮೂಗಿಗೂ ಹೆಸರು ಇವಳಿಗೇ ಬರುತ್ತದೆ. ಕೆಂಡ ಮತ್ತೆ ಹೊತ್ತಿಕೊಂಡಿತು.

ಮೂರನೆಯದು ತಾಮ್ರದ ಬಣ್ಣದ ಜೇನುಹುಳುಗಳು. ಕೆಂಚವ್ವ ಬಂಡೆ ಹತ್ತಿ ಗೂಡಿನ ಹತ್ತಿರ ಹೋದಳು. ಹುಳುಗಳೆಲ್ಲ ಒಟ್ಟಿಗೆ ಮೊರೆದವು: "ದೂರ ನಿಲ್ಲು! ನಿನ್ನೊಳಗೆ ಹೊಗೆ ಇದೆ. ಹೊಗೆ ನಮಗೆ ಆಗಲ್ಲ." ಹೂವಿ ಹತ್ತಿದಳು. ಹುಳುಗಳು ಅವಳ ಎರಡೂ ಕೈಗಳ ಮೇಲೆ ಬಳೆಗಳ ಹಾಗೆ ಸುತ್ತಿ ಕೂತವು, ಒಂದೂ ಕಚ್ಚಲಿಲ್ಲ. ಅವಳು ಮೇಣ ಹಿಡಿದುಕೊಂಡು ನಗುತ್ತ ಇಳಿದಳು.

ಕೆಂಚವ್ವ ನಗಲಿಲ್ಲ. ನೀರು ತರುತ್ತೇನೆಂದು ಹೊಳೆಯ ಕಡೆ ಹೋಗಿ ಒಬ್ಬಳೇ ಅತ್ತಳು.

ಹೊಳೆಯ ದಂಡೆಯಲ್ಲಿ ಒಬ್ಬ ಮುದುಕ ಬಳೆಗಾರ ಕೂತಿದ್ದ. ಅವನೇ ಧೂಮಲ, ವೇಷ ಮರೆಸಿಕೊಂಡಿದ್ದ.

"ಯಾಕಮ್ಮ ಅಳ್ತೀ? ಹನ್ನೆರಡು ವರ್ಷ ದುಡಿದವಳು ನೀನು, ಸೌಟು ಅವಳದ್ದು. ಅಲ್ಲವಾ?"

"ನಿನಗೆ ಹೇಗೆ ಗೊತ್ತು?"

"ಅದೇ ಉರಿ ನನಗೂ ಇದೆ ತಾಯಿ." ಅವನು ಒಂದು ಎಲೆಯಲ್ಲಿ ಬೂದು ಬಣ್ಣದ ಪುಡಿ ಕೊಟ್ಟ. "ಅವಳು ತಿರುವುವಾಗ ಒಂದು ಚಿಟಿಕೆ ಹಾಕು. ಮುಲಾಮು ಕೆಡುತ್ತೆ. ಸೌಟು ನಿನ್ನ ಕೈಗೆ ಬರುತ್ತೆ. ಆದರೆ ಹಾಕಿದ್ದು ನೀನು ಅಂತ ಬಾಯಿ ಬಿಡಬೇಡ. ಬಿಟ್ಟರೆ ಮಂತ್ರ ತಿರುಗಿಬೀಳುತ್ತೆ."

ಯಾರ ಮೇಲೆ ಎಂದು ಅವನು ಹೇಳಲಿಲ್ಲ. ತನ್ನ ಮೇಲೇ ಎಂದು ಕೆಂಚವ್ವ ತಿಳಿದಳು. ಆದರೂ ಪುಡಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಯುಗಾದಿಯ ಬೆಳಿಗ್ಗೆ ಅರಮನೆಯ ಅಂಗಳದಲ್ಲಿ ಒಲೆ ಹೂಡಿದರು. ರಾಜ, ರಾಣಿ, ರಾಜಕುಮಾರಿ, ಬಟ್ಟೆ ಸುತ್ತಿದ ಕೈಕಾಲಿನ ಪ್ರಜೆಗಳು ಸುತ್ತ ನಿಂತರು. ಧೂಮಲನೂ ಬಂದು ಸಿಂಹಾಸನದ ಪಕ್ಕ ನಿಂತ. ತಂದದ್ದರಲ್ಲಿ ಅರ್ಧ ಮಾತ್ರ ಬಾಣಲೆಗೆ ಹಾಕಿಸಿದಳು ನಂಜವ್ವ. ಕೆಂಚವ್ವ ಉರಿ ನೋಡಿಕೊಂಡಳು, ಹೂವಿ ತಿರುವಿದಳು. ಎಲ್ಲರ ಕಣ್ಣೂ ಹೂವಿಯ ಕೈಮೇಲಿತ್ತು. ಸೌದೆ ಸರಿಸುವ ಹಾಗೆ ಬಾಗಿ ಕೆಂಚವ್ವ ಪುಡಿಯನ್ನು ಬಾಣಲೆಗೆ ಉದುರಿಸಿದಳು.

ಮುಲಾಮು ಹಸಿರಾಗಿಯೇ ಇಳಿಯಿತು. ಯಾವ ಮುಲಾಮನ್ನೂ ಮೊದಲು ಮಾಡಿದವರ ಮೈಗೇ ಹಚ್ಚಿ ನೋಡುವುದು ಆ ಮನೆಯ ಪದ್ಧತಿ. ಹೂವಿ ತನ್ನ ಬೆರಳಿನ ಸುಟ್ಟ ಗಾಯಕ್ಕೆ ಹಚ್ಚಿಕೊಂಡಳು. ಬೆರಳು ಕಪ್ಪಾಯಿತು. ಅಂಗೈ ಕಪ್ಪಾಯಿತು. ಕಪ್ಪು ಮೊಣಕೈವರೆಗೆ ಏರಿತು.

ಹೂವಿ ನೋವಿಗೆ ಕುಸಿದು ಕೂತಳು. "ನಾನು ಸೀಯಿಸಿಬಿಟ್ಟೆನೇನೋ ಅತ್ತೆ. ನನ್ನ ಕೈತಪ್ಪು" ಎಂದಳು.

ಜನ ಕೂಗಾಡಿದರು. "ಹುಡುಗಿಯ ಕೈಗೆ ರಾಜ್ಯ ಕೊಟ್ಟರಲ್ಲ!" "ಇವಳನ್ನು ಗಡಿಯಾಚೆ ಅಟ್ಟಿ!" ಧೂಮಲ ಕಿರೀಟಕ್ಕೆ ಕೈ ಚಾಚಿದ.

"ನಿಲ್ಲಿ. ಇನ್ನರ್ಧ ಇದೆ" ಎಂದಳು ನಂಜವ್ವ. ಸೌಟನ್ನು ತೊಳೆದು ಕೆಂಚವ್ವನ ಕೈಗಿಟ್ಟಳು.

ಹನ್ನೆರಡು ವರ್ಷ ಬಯಸಿದ ಸೌಟು ಕೈಯಲ್ಲಿತ್ತು. ಕೆಂಚವ್ವ ಹೊಸ ಬಾಣಲೆಯಿಟ್ಟಳು. ಎಣ್ಣೆ ಬಿಸಿಯಾಯಿತು. ಸೊಪ್ಪಿನ ರಸ ಹಾಕಿದಳು, ಚಿಟಿಕೆ ಅರಿಶಿನ ಹಾಕಿದಳು, ಸಣ್ಣ ಉರಿಯಲ್ಲಿ ತಿರುವಿದಳು. ಅವಳ ಕೈ ಅವಸರ ಮಾಡಲಿಲ್ಲ. ಬಂಗಾರದಂಥ ನೊರೆ ಎದ್ದಿತು. 'ನನಗೂ ಬರುತ್ತದೆ' ಎಂದು ಅವಳಿಗೆ ಗೊತ್ತಾಯಿತು. ಸುಮ್ಮನಿದ್ದರೆ ಸಾಕು. ರಾಜ್ಯ ಉಳಿಯುತ್ತದೆ, ಶಾಲು ತನಗೆ ಬರುತ್ತದೆ, ಹೂವಿ ಗಡಿಯಾಚೆ ಹೋಗುತ್ತಾಳೆ.

ಆಗ ಕಂಬಕ್ಕೆ ಒರಗಿ ಕೂತಿದ್ದ ಹೂವಿ, ಕಪ್ಪಾದ ಕೈಯನ್ನು ಮಡಿಲಲ್ಲಿಟ್ಟುಕೊಂಡೇ ಕೂಗಿದಳು: "ಅಕ್ಕಾ, ನೊರೆ ಇಳೀತು. ಚಟಪಟ ನಿಂತಿತು, ನೀರಿಂಗಿದೆ. ಸೋಸಿ ಮೇಣ ಹಾಕು, ಈಗಲೇ!"

ಕೆಂಚವ್ವನ ಕಣ್ಣು ಮಂಜಾಯಿತು. ಅವಳು ಬಟ್ಟೆಯಲ್ಲಿ ಸೋಸಿದಳು, ಮೇಣ ಕರಗಿಸಿದಳು, ಮುಲಾಮು ಗಟ್ಟಿಯಾಗುವವರೆಗೆ ತಿರುವಿದಳು. ಅದನ್ನು ತನ್ನ ಮೈಗೆ ಹಚ್ಚಿ ನೋಡಿದಳು, ಸೌದೆ ಗೀರಿದ ಗಾಯ ಕಣ್ಣೆದುರೇ ಕೂಡಿಕೊಂಡಿತು. ಜನ ಜಯಕಾರ ಹಾಕಿದರು. ಆ ಜಯಕಾರದ ನಡುವೆ ಅವಳು ಎದ್ದು ನಿಂತಳು.

"ಸುಮ್ಮನಿರಿ! ಹೂವಿ ಸೀಯಿಸಲಿಲ್ಲ. ಪುಡಿ ಹಾಕಿದ್ದು ನಾನು. ಹೊಟ್ಟೆಕಿಚ್ಚಿಗೆ ಹಾಕಿದೆ. ಮಂತ್ರ ನನ್ನ ಮೇಲೆ ಬೀಳೋದಾದರೆ ಬೀಳಲಿ."

ಕಣ್ಣು ಮುಚ್ಚಿ ಕಾದಳು. ಏನೂ ಬೀಳಲಿಲ್ಲ. ಕಿರುಚಿದ್ದು ಧೂಮಲ. ಹೂವಿಯ ಕೈಯ ಕಪ್ಪು ಹೊಗೆಯಾಗಿ ಎದ್ದು, ಅಂಗಳ ದಾಟಿ, ಅವನ ಬಾಯೊಳಗೆ ನುಗ್ಗಿತು. ಅವನು ಒಳಗಿಂದ ಉರಿದು, ಮೊಳದಷ್ಟಾಗಿ, ಗೇಣಷ್ಟಾಗಿ, ನೆಲದ ಮೇಲೆ ಒಂದು ಮಸಿಯ ಕಲೆಯಾದ. ಆಳು ಬಂದು ನೀರು ಹಾಕಿ ತೊಳೆದ. ಶಾಪ ಅಲ್ಲಿಗೆ ಮುಗಿಯಿತು.

ಕೆಂಚವ್ವ ಹೂವಿಯ ಮುಂದೆ ಕೂತು, ಅವಳ ಬೆರಳಿಗೆ ಮುಲಾಮು ಹಚ್ಚಿದಳು. ಗಾಯ ಮುಚ್ಚಿಕೊಂಡಿತು. ಹೂವಿ ಕೈ ಎಳೆದುಕೊಂಡಳು.

"ಇವಳಿಗೆ ಏನು ಶಿಕ್ಷೆ?" ಎಂದ ರಾಜ.

ನಂಜವ್ವ ಮುಂದೆ ಬಂದಳು. "ಮಹಾಪ್ರಭು, ಅದರಲ್ಲಿ ನನಗೂ ಪಾಲು ಕೊಡಿ. ಇವಳು ಆರಿಸಿದ ಸೊಪ್ಪಿಲ್ಲದೆ, ಇವಳು ಹದ ಮಾಡಿದ ಉರಿಯಿಲ್ಲದೆ ನನ್ನ ಮುಲಾಮು ಒಂದು ದಿನವೂ ಆಗಿದ್ದಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ."

ರಾಜ ಹೂವಿಯ ಕಡೆ ನೋಡಿದ. ಹೂವಿ ವಾಸಿಯಾದ ಬೆರಳನ್ನು ಸವರಿಕೊಂಡಳು. ಆಮೇಲೆ ಅಂದಳು: "ಬೆಳಗಾದರೆ ಸಾವಿರ ಜನ ಬರ್ತಾರೆ. ನನಗೆ ಸೊಪ್ಪು ಗುರುತು ಸಿಗಲ್ಲ. ಅಕ್ಕ ಮನೆಯಲ್ಲಿರಲಿ. ಆದರೆ ನಾನಾಗಿ ಮಾತಾಡಿಸೋವರೆಗೆ ಅವಳು ನನ್ನನ್ನು ಮಾತಾಡಿಸಬಾರದು."

ಹಾಗೇ ಆಯಿತು. ಊರೂರಿನ ಜನ ಬಂದರು. ಮೋಚಿ ಬಂದ, ಅಡುಗೆಯವರು ಬಂದರು, ರಾಜಕುಮಾರಿ ಬಂದಳು. ಹಗಲೆಲ್ಲ ಒಬ್ಬಳು ಸೊಪ್ಪು ಆರಿಸಿದಳು, ಒಬ್ಬಳು ತಿರುವಿದಳು. ಹತ್ತೊಂಬತ್ತು ದಿನ ಇಬ್ಬರ ನಡುವೆ ಮಾತಿರಲಿಲ್ಲ. ಇಪ್ಪತ್ತನೆಯ ದಿನ ಹೂವಿ ಬಾಣಲೆಯಿಂದ ತಲೆಯೆತ್ತದೆ ಕೇಳಿದಳು: "ಅಕ್ಕ, ಆ ಬಯಲಲ್ಲಿ ಗಿಡ ಹೇಗೆ ಗುರುತು ಹಿಡಿದೆ?"

ಕೆಂಚವ್ವ ಒಂದು ಚಿಗುರು ಎತ್ತಿಕೊಂಡಳು. "ಬಾ, ಮೂಸಿ ತೋರಿಸ್ತೀನಿ" ಎಂದಳು.

ಮುಂದೆ ರಾಜನ ಅಪ್ಪಣೆಯಂತೆ ಆ ಇಬ್ಬರೂ ಊರೂರಿಗೆ ಹೋಗಿ, ಮನೆಮನೆಯ ಹೆಂಗಸರಿಗೂ ಗಂಡಸರಿಗೂ ಮುಲಾಮು ಕಾಯಿಸುವುದನ್ನು ಕಲಿಸಿದರು. ಒಬ್ಬಳು ಉರಿಯ ಹದ ಹೇಳಿದಳು, ಒಬ್ಬಳು ಕೈಯ ಹದ ಹೇಳಿದಳು. ಕೆಂಚವ್ವನಿಗೆ ಒಮ್ಮೊಮ್ಮೆ ಹೊಟ್ಟೆ ಉರಿಯುತ್ತಿತ್ತು. ಉರಿದಾಗ ಅವಳು "ಹೂವಿ, ಇವತ್ತು ನನಗೆ ನಿನ್ನ ಕಂಡರೆ ಆಗ್ತಿಲ್ಲ" ಎಂದು ಹೇಳಿಬಿಡುತ್ತಿದ್ದಳು, ಹೂವಿ ನಗುತ್ತಿದ್ದಳು. ಸೋಮಾವತಿಯ ಮಕ್ಕಳು ಮತ್ತೆ ಓಡಿದರು, ಬಿದ್ದರು, ಅತ್ತರು, ಮೂರು ದಿನದಲ್ಲಿ ವಾಸಿಯಾಗಿ ಮತ್ತೆ ಓಡಿದರು. ರಾಜನೂ ಪ್ರಜೆಗಳೂ, ಅತ್ತೆಯೂ ಸೊಸೆಯರೂ ನೂರು ಕಾಲ ನೆಮ್ಮದಿಯಾಗಿ ಬಾಳಿದರು.